ಕಣ್ಣಿನ ಕ್ಯಾನ್ಸರ್ ಎಂದಾಗ ಟೆಲಿ ಮಾನಸ್ 14416 ಎಷ್ಟರಮಟ್ಟಿಗೆ ಆಸರೆ?

ಕಣ್ಣಿನೊಳಗೆ ಮೆಲನೋಮ (ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಇದೆ ಎಂದು ಗೊತ್ತಾದ ಮೇಲೆ ಲಿವರ್ ಸ್ಕ್ಯಾನ್, ರಕ್ತಪರೀಕ್ಷೆ, ಇನ್ಶೂರೆನ್ಸ್ ಓಡಾಟ ಮುಗಿದು ಆಪರೇಷನ್ ಆಗುವವರೆಗೆ ಸ್ವಲ್ಪ ಕಾಲ ಹಿಡಿಯುತ್ತದೆ. ನಿದ್ದೆ ಕೆಡುವುದು ಆ ಕಾಯುವ ದಿನಗಳಲ್ಲೇ. ಆಗ ಕನ್ನಡದಲ್ಲೇ, ಬಿಡಿಗಾಸಿಲ್ಲದೆ, ನಡುರಾತ್ರಿಯಲ್ಲೂ ಸಿಗುವ ಸಹಾಯ ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಮಾನಸಿಕ ಆರೋಗ್ಯ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

14416 ಅಥವಾ 1800-891-4416ಕ್ಕೆ ಕರೆ ಮಾಡಿ ಭಾಷೆ ಆರಿಸಿದರೆ ಮೊದಲು ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ. ಗಾಬರಿ, ಅಳು, ಎದೆ ಡವಡವ ಎನ್ನುವುದಕ್ಕೆ ಅವರೇ ಸಾಕಾಗಬಹುದು. ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದರೆ ಮುಚ್ಚಿಡದೆ ಹೇಳಿ, ಮನೋವೈದ್ಯರ ಹಂತಕ್ಕೆ ದಾಟಿಸುತ್ತಾರೆ. ಪ್ರತಿ ಸಲ ಅದೇ ಕೌನ್ಸೆಲರ್ ಸಿಗುತ್ತಾರೆ ಎನ್ನುವಂತಿಲ್ಲ. ಕಾಯಿಲೆ, ಚಿಕಿತ್ಸೆಯ ದಿನಾಂಕ, ನಿದ್ದೆ, ತೆಗೆದುಕೊಳ್ಳುತ್ತಿರುವ ಮಾತ್ರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇಡೀ ಕಥೆ ಮೊದಲಿಂದ ಹೇಳುವ ಸಂಕಟ ತಪ್ಪುತ್ತದೆ. ಮನೆಯವರ ಎದುರು ಬಾಯಿ ಬಿಡುವುದು ಕಷ್ಟ. ಇಯರ್‌ಫೋನ್ ಹಾಕಿಕೊಂಡು ಮಹಡಿ ಮೇಲೆ ಹೋಗಿ ಮಾತಾಡಿ.

ಇದರ ಮಿತಿಯೂ ಸ್ಪಷ್ಟ. ಇಲ್ಲಿ ಕೂತವರು ಕಣ್ಣಿನ ಕ್ಯಾನ್ಸರ್ ತಜ್ಞರಲ್ಲ. 'ಪ್ಲೇಕ್ (ಕಣ್ಣಿಗೆ ಹೊಲಿಯುವ ವಿಕಿರಣದ ಬಿಲ್ಲೆ) ಹಾಕಿಸಲೋ, ಕಣ್ಣು ತೆಗೆಸಲೋ' ಎಂದು ಕೇಳಿದವರಿಗೆ ಉತ್ತರ ಸಿಗದೆ ಬೇಸರವಾಗುತ್ತದೆ. ಆ ಪ್ರಶ್ನೆಯನ್ನು ಕಣ್ಣಿನ ಡಾಕ್ಟರಿಗೇ ಕೇಳಬೇಕು, ಯಾಕೆಂದರೆ ಭಯದ ದೊಡ್ಡ ಪಾಲು ಮಾಹಿತಿ ಸಿಕ್ಕರೆ ಕರಗುವಂಥದ್ದು. ಮಧ್ಯಮ ಗಾತ್ರದ ಗೆಡ್ಡೆಯಲ್ಲಿ ಪ್ಲೇಕ್ ಹಾಕಿಸಿಕೊಂಡವರಿಗೂ ಕಣ್ಣು ತೆಗೆಸಿದವರಿಗೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸವಿಲ್ಲ ಎಂದು ಕಣ್ಣಿನ ಮೆಲನೋಮದ ಬಗ್ಗೆ ಅಮೆರಿಕದಲ್ಲಿ ನಡೆದ 'ಕಾಮ್ಸ್' ಅಧ್ಯಯನ ತೋರಿಸಿದೆ. ಹಾಗಾಗಿ ಅಂಥ ಗೆಡ್ಡೆಗೆ ಪ್ಲೇಕ್ ಆರಿಸಿಕೊಂಡವರು 'ಕಣ್ಣಿನ ಆಸೆಗೆ ಜೀವ ಪಣಕ್ಕಿಟ್ಟೆನಾ' ಎಂದು ಕೊರಗಬೇಕಿಲ್ಲ.

ಕಣ್ಣು ತೆಗೆಯುವ ಮಾತು ಬಂದರೆ ಎಲ್ಲರ ಮನಸ್ಸಿಗೂ ಬರುವುದು ಖಾಲಿ ಗುಂಡಿಯ ಚಿತ್ರ. ಸಾಮಾನ್ಯವಾಗಿ ಅದೇ ಆಪರೇಷನ್ನಿನಲ್ಲಿ ಒಳಗೊಂದು ಗುಂಡು ಇಂಪ್ಲಾಂಟ್ ಕೂರಿಸಿ ಸ್ನಾಯುಗಳನ್ನು ಜೋಡಿಸುತ್ತಾರೆ. ಪಟ್ಟಿ ಬಿಚ್ಚಿ ರೆಪ್ಪೆ ಎತ್ತಿದಾಗ ಕಾಣುವುದು ಬಾಯಿಯ ಒಳಪದರದ ಹಾಗಿನ ನಸುಗೆಂಪು ಪೊರೆ, ಅದರ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪು. ಗಾಯ ಮಾಗಿ ಆರೆಂಟು ವಾರವಾದ ಮೇಲೆ ಕೃತಕ ಕಣ್ಣು. ಇದನ್ನು ಡಾಕ್ಟರು ಮೊದಲೇ ಫೋಟೊ ತೋರಿಸಿ ವಿವರಿಸಲಿ ಎಂದು ಧೈರ್ಯವಾಗಿ ಕೇಳಿ.

ಪ್ಲೇಕ್ ಎಂದರೆ ವಿಕಿರಣ ಸೂಸುವ ಪುಟ್ಟ ಲೋಹದ ಬಿಲ್ಲೆ. ಅದನ್ನು ಕಣ್ಣಿನ ಹೊರಗೋಡೆಗೆ ಹೊಲಿದು ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಆ ದಿನಗಳಲ್ಲಿ ಮಕ್ಕಳನ್ನು, ಗರ್ಭಿಣಿಯರನ್ನು ಹತ್ತಿರ ಬಿಡುವುದಿಲ್ಲ. ಒಂಟಿತನ ಕಾಡುವ ಹೊತ್ತು ಅದು, ಸಹಾಯವಾಣಿ ಹೆಚ್ಚು ಉಪಯೋಗಕ್ಕೆ ಬರುವುದೂ ಆಗಲೇ. ವಿಕಿರಣದಿಂದ ದೃಷ್ಟಿ ಮಂಜಾಗುವುದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಇರಬಹುದು. ಎಲ್ಲ ಮುಗಿಯಿತು ಎಂದುಕೊಂಡಾಗ ಮನಸ್ಸು ಮತ್ತೆ ಕುಸಿದರೆ ಆಗಲೂ ಇದೇ ನಂಬರಿಗೆ ಕರೆ ಮಾಡಬಹುದು.