ಆಟಿಯ ಮಳೆಗೆ ಯಾವ ವಾಷಿಂಗ್ ಮೆಷಿನ್? ಮೂರು ಫ್ರಂಟ್ ಲೋಡ್‌ಗಳನ್ನು ಹೋಲಿಸಿ ನೋಡಿದ್ದು

ಉಡುಪಿ, ಮಂಗಳೂರು ಕಡೆಯವರು ವಾಷಿಂಗ್ ಮೆಷಿನ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ. ಆಟಿಯಲ್ಲಿ, ಅಂದರೆ ತುಳುವರ ಲೆಕ್ಕದ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ಇದರಿಂದ ತೆಗೆದ ಬಟ್ಟೆ ಯಾವಾಗ ಒಣಗುತ್ತದೆ? ಕೊಳೆ ತೆಗೆಯುವ ಕೆಲಸವನ್ನು ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಈಗಿನ ಯಾವ ಫ್ರಂಟ್ ಲೋಡ್ ಆದರೂ ಚೆನ್ನಾಗಿಯೇ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕಷ್ಟ ಇರುವುದು ಒಣಗಿಸುವುದರಲ್ಲಿ. ವೈಫೈ, ಆ್ಯಪ್, ಸಾಲು ಸಾಲು ಪ್ರೋಗ್ರಾಂ ಎಲ್ಲ ಆಮೇಲೆ.

ನಾನು ಹೋಲಿಸಿದ್ದು ನಮ್ಮ ಕುಟುಂಬದಲ್ಲೇ ಇರುವ ಮೂರು ಯಂತ್ರಗಳನ್ನು. ಕಾಪುವಿನಲ್ಲಿ ಅಕ್ಕನ ಮನೆಯಲ್ಲಿರುವುದು 6 ಕೆಜಿಯದ್ದು, 1000 ಆರ್‌ಪಿಎಂ (ಹಿಂಡುವಾಗ ಡ್ರಮ್ ನಿಮಿಷಕ್ಕೆ 1000 ಸುತ್ತು), ಬೆಲ್ಟ್ ಮೋಟಾರು. ಮಂಗಳೂರಿನ ಕದ್ರಿಯಲ್ಲಿ ತಮ್ಮನ ಫ್ಲ್ಯಾಟಿನಲ್ಲಿರುವುದು ವಾಷರ್ ಡ್ರೈಯರ್. 8 ಕೆಜಿ ಒಗೆಯುತ್ತದೆ, 5 ಕೆಜಿ ಒಣಗಿಸುತ್ತದೆ. ಉಡುಪಿಯ ನಮ್ಮ ಮನೆಯದ್ದು 8 ಕೆಜಿ, 1400 ಆರ್‌ಪಿಎಂ, ಬೆಲ್ಟ್ ಇಲ್ಲದೆ ಮೋಟಾರು ನೇರವಾಗಿ ಡ್ರಮ್ ತಿರುಗಿಸುವ ಡೈರೆಕ್ಟ್ ಡ್ರೈವ್. ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಬಗೆಯ ಬಟ್ಟೆ ಹಾಕಿ ನೋಡಿದ್ದೇನೆ. ಬೆಡ್‌ಶೀಟು, ದಿಂಬಿನ ಕವರು, ಪಂಚೆ, ಬೈರಾಸು (ಟವೆಲ್), ಮಕ್ಕಳ ಯೂನಿಫಾರ್ಮು. ಬ್ರ್ಯಾಂಡ್ ಹೆಸರಿಗಿಂತ ಯಂತ್ರದ ಬಗೆಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದೇ ಕಂಪನಿಯಲ್ಲಿ ಇಂಥ ಎರಡು ಮೂರು ಬಗೆ ಸಿಗುತ್ತವೆ, ಮಾಡೆಲ್‌ಗಳೂ ಆಗಾಗ ಬದಲಾಗುತ್ತಿರುತ್ತವೆ.

ಮೊದಲು ಹಿಂಡುವ ಮಾತು. ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. 1000 ಆರ್‌ಪಿಎಂನಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಅದರ ಒಣ ತೂಕದ ಮೂರನೇ ಎರಡರಷ್ಟು ನೀರು ಇನ್ನೂ ಉಳಿದಿರುತ್ತದೆ. 1400ರಲ್ಲಿ ಸುಮಾರು ಅರ್ಧದಷ್ಟು. ಐದು ಕೆಜಿ ಬಟ್ಟೆ ಅಂದುಕೊಳ್ಳಿ. ಒಂದರಲ್ಲಿ ಮೂರು ಲೀಟರಿಗಿಂತ ಜಾಸ್ತಿ ನೀರು ಉಳಿಯಿತು, ಇನ್ನೊಂದರಲ್ಲಿ ಎರಡೂವರೆ ಲೀಟರ್. ಮುಕ್ಕಾಲು ಲೀಟರಿನ ವ್ಯತ್ಯಾಸ ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಆಟಿಯಲ್ಲಿ ಹಾಗಲ್ಲ. ಗಾಳಿಯಲ್ಲೇ ಪಸೆ ತುಂಬಿರುತ್ತದೆ, ಬಟ್ಟೆಯ ಪಸೆ ಹೋಗುವುದಾದರೂ ಎಲ್ಲಿಗೆ? ಅಕ್ಕನ ಮನೆಯಲ್ಲಿ ಬೆಳಿಗ್ಗೆ ಒಗೆದ ಬೈರಾಸು ಫ್ಯಾನಿನ ಕೆಳಗೆ ಹಾಕಿದರೂ ಮರುದಿನ ಮುಟ್ಟಿದರೆ ತಣ್ಣಗೆ. ಹಾಗೆ ಬಹಳ ಹೊತ್ತು ಹಸಿ ಇದ್ದ ಬಟ್ಟೆಗೆ ಆ ಮುಗ್ಗಲು ವಾಸನೆ ಬಂದೇ ಬರುತ್ತದೆ. ನಮ್ಮ ಮನೆಯ ಯಂತ್ರದಿಂದ ತೆಗೆದ ಪಂಚೆ, ಶರ್ಟು ಫ್ಯಾನಿನಡಿ ರಾತ್ರಿ ಹಾಕಿದರೆ ಬೆಳಿಗ್ಗೆಗೆ ತೊಡುವ ಹಾಗೆ ಇರುತ್ತವೆ. ದಪ್ಪ ಬೈರಾಸು ಮತ್ತು ಜೀನ್ಸಿಗೆ ಇಲ್ಲೂ ಇನ್ನೊಂದು ದಿನ ಬೇಕು.

ಹೆಚ್ಚು ಜೋರಾಗಿ ಹಿಂಡಿದರೆ ಬಟ್ಟೆ ಹಾಳಾಗುವುದಿಲ್ಲವಾ ಅಂತ ಅಕ್ಕ ಕೇಳಿದ್ದಳು. ರೇಷ್ಮೆ, ತೆಳು ಕಾಟನ್ ಸೀರೆಗೆ 1400 ಬೇಡವೇ ಬೇಡ. ಉಡುಪಿ ಸೀರೆಯನ್ನು ನಾನು ಕೈಯಲ್ಲೇ ಒಗೆಯುತ್ತೇನೆ. ಬೇರೆ ಬಟ್ಟೆಗೂ ಸುಕ್ಕು ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ 1400 ಇರುವ ಯಂತ್ರದಲ್ಲಿ 800ಕ್ಕೆ ಇಳಿಸಿಕೊಳ್ಳಬಹುದು. 1000 ಇರುವುದನ್ನು ಏರಿಸುವ ದಾರಿ ಇಲ್ಲ.

ಹಾಗಾದರೆ ಒಣಗಿಸಿಯೇ ಕೊಡುವ ವಾಷರ್ ಡ್ರೈಯರ್ ಎಲ್ಲಕ್ಕಿಂತ ಒಳ್ಳೆಯದು ತಾನೆ? ನಾನೂ ಅದನ್ನೇ ತರುವ ಯೋಚನೆಯಲ್ಲಿದ್ದೆ. ತಮ್ಮನ ಮನೆಯಲ್ಲಿ ಬಳಸಿ ನೋಡಿದ ಮೇಲೆ ಮನಸ್ಸು ಬದಲಾಯಿತು. ಒಗೆಯುವ ಅಳತೆ ಬೇರೆ, ಒಣಗಿಸುವ ಅಳತೆ ಬೇರೆ ಎನ್ನುವುದು ಇಲ್ಲಿ ಮುಖ್ಯ. ಎಂಟು ಕೆಜಿ ತುಂಬಿಸಿ ಒಗೆದರೆ ಮೂರು ಕೆಜಿ ಬಟ್ಟೆಯನ್ನು ಹೊರಗೆ ತೆಗೆದೇ ಡ್ರೈಯರ್ ಹಾಕಬೇಕು. ಒಗೆಯುವುದು, ಒಣಗಿಸುವುದು ಎರಡೂ ಸೇರಿದರೆ ಅರ್ಧ ದಿನ ಯಂತ್ರ ಖಾಲಿ ಇರುವುದಿಲ್ಲ. ಕರೆಂಟಿನ ಲೆಕ್ಕವನ್ನೂ ನೋಡಿ. ಒಂದು ಲೀಟರ್ ನೀರನ್ನು ಬಿಸಿ ಮಾಡಿ ಆವಿಯಾಗಿಸಲು ಮುಕ್ಕಾಲು ಯುನಿಟ್‌ನಷ್ಟು ವಿದ್ಯುತ್ ಬೇಕು. ಅಲ್ಲಿ ಇಲ್ಲಿ ಸೋರುವ ಶಾಖ ಸೇರಿದರೆ ಒಂದು ಯುನಿಟ್ ಹತ್ತಿರ. ಅದೇ ನೀರನ್ನು ಡ್ರಮ್ ಜೋರಾಗಿ ತಿರುಗಿಸಿ ತೆಗೆಯುವುದಾದರೆ ಖರ್ಚು ಅದರ ಸಣ್ಣದೊಂದು ಪಾಲು. ಇಂಥ ಬಹಳಷ್ಟು ಯಂತ್ರಗಳು ಆವಿಯನ್ನು ತಣಿಸಿ ನೀರಾಗಿಸಲು ಮತ್ತೆ ತಣ್ಣೀರನ್ನೇ ಬಳಸುತ್ತವೆ. ಮಳೆಗಾಲದಲ್ಲಿ ಅದೇನೂ ಚಿಂತೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ, ನಮ್ಮ ಸ್ವರ್ಣಾ ನದಿಯ ಬಜೆಯಲ್ಲಿ ನೀರು ಇಳಿದು ರೇಷನ್ ಶುರುವಾದಾಗ ಮಾತ್ರ ಒಂದೊಂದು ಬಕೆಟೂ ಲೆಕ್ಕಕ್ಕೆ ಬರುತ್ತದೆ. ಆಗ ಹೇಗೂ ಬಿಸಿಲು ಇರುತ್ತದೆ, ಡ್ರೈಯರ್ ಬೇಕಾಗಿಯೇ ಇಲ್ಲ.

ಆದರೂ ಒಂದು ಮಾತು. ತಮ್ಮನ ಮನೆಗೆ ಅದೇ ಸರಿ. ಬಾಲ್ಕನಿ ಅಂದರೆ ಎರಡು ಕುರ್ಚಿ ಹಾಕುವಷ್ಟು ಜಾಗ, ಮನೆಯಲ್ಲಿ ಎಳೆಮಗು. ಮಗುವಿನ ಬಟ್ಟೆಗಳು ಒಣಗಿ ಬೆಚ್ಚಗೆ ಹೊರಬರುವಾಗ ತಮ್ಮನ ಹೆಂಡತಿಯ ಮುಖದಲ್ಲಿ ಕಾಣುವ ನೆಮ್ಮದಿಗೆ ಬೆಲೆ ಕಟ್ಟಲಾಗದು. ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೂ ನಾನು ಇದನ್ನೇ ಹೇಳುತ್ತೇನೆ. ಅಂಗಳ, ಚಾವಡಿ, ಹಂಚಿನ ಮಾಡಿನ ಕೆಳಗೆ ಹಗ್ಗ ಕಟ್ಟುವಷ್ಟು ಜಾಗ ಇದ್ದವರಿಗೆ ಅಷ್ಟು ದುಡ್ಡು ಹಾಕುವ ಅಗತ್ಯ ಇಲ್ಲ.

ನೀರಿನ ವಿಷಯಕ್ಕೆ ಬರೋಣ. ಜಾಹೀರಾತುಗಳನ್ನು ನೋಡಿದರೆ ಗಡಸು ನೀರಿನದ್ದೇ ಮಾತು. ಐಎಫ್‌ಬಿ ಕಂಪನಿಯವರು ಗಡಸು ನೀರಿಗೆಂದೇ ಯಂತ್ರದಲ್ಲಿ ಫಿಲ್ಟರ್ ಕೊಡುತ್ತಾರೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಅದು ಬಹಳ ಉಪಯೋಗ. ನಮ್ಮ ಕೆಂಪುಕಲ್ಲಿನ ನೆಲದ ಬಾವಿ ನೀರು ಹಾಗಲ್ಲ. ಅದು ಮೆದು ನೀರು, ಸೋಪು ಹಾಕಿದರೆ ಬೇಗ ನೊರೆ ಬರುತ್ತದೆ. ಹಾಗಾಗಿ ಆ ಫಿಲ್ಟರ್ ಇದೆಯಾ ಇಲ್ಲವಾ ಎನ್ನುವುದರ ಮೇಲೆ ನಮ್ಮವರು ಯಂತ್ರ ಆರಿಸಬೇಕಿಲ್ಲ. ಸೋಪು ಮಾತ್ರ ಕಮ್ಮಿ ಹಾಕಬೇಕು. ಬಾಟಲಿಯಲ್ಲಿ ಹೇಳಿದ್ದರ ಅರ್ಧ ಹಾಕಿದರೂ ನಮ್ಮ ಬಾವಿ ನೀರಿಗೆ ಧಾರಾಳವಾಯಿತು. ನೊರೆ ಜಾಸ್ತಿಯಾದರೆ ಯಂತ್ರ ಅದನ್ನು ಗುರುತಿಸಿ ಮತ್ತೊಮ್ಮೆ ಜಾಲಾಡಿಸುತ್ತದೆ. ನೀರೂ ಹೋಯಿತು, ಹೊತ್ತೂ ಹೋಯಿತು. ಉಳಿದ ಸೋಪಿನ ಜಿಡ್ಡು ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕೂತು ಬೂಷ್ಟಿಗೆ ಊಟವಾಗುತ್ತದೆ.

ನಮ್ಮಲ್ಲಿ ನಿಜವಾದ ತೊಂದರೆ ಕಬ್ಬಿಣದ ಅಂಶ. ಬೋರ್ ನೀರು ನಿಂತ ಕೂಡಲೇ ಕೆಂಪಗಾಗುತ್ತದೆ ಅಂತಾದರೆ ಎಷ್ಟೇ ದುಬಾರಿ ಯಂತ್ರ ತಂದರೂ ಬಿಳಿ ಪಂಚೆ ಹಳದಿಯಾಗುವುದು ತಪ್ಪುವುದಿಲ್ಲ. ಕಲೆ ಹೋಗಲಿ ಅಂತ ಕ್ಲೋರಿನ್ ಇರುವ ಬ್ಲೀಚ್ ಹಾಕಿದರೆ ಇನ್ನೂ ಕಷ್ಟ, ಕಬ್ಬಿಣದ ಕಲೆ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಟ್ಯಾಂಕಿಗೆ ಬರುವ ಮೊದಲೇ ಫಿಲ್ಟರ್ ಮಾಡಿಸಬೇಕು. ಯಂತ್ರಕ್ಕೆ ನೀರು ಹೋಗುವ ಪೈಪಿನ ಬುಡದಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ಕೆಂಪು ಕೆಸರು ಕಟ್ಟಿದರೆ ನೀರು ತುಂಬುವುದೇ ಇಲ್ಲ. ನಲ್ಲಿ ಮುಚ್ಚಿ, ಪೈಪು ಬಿಚ್ಚಿ, ಹಳೆ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಅಕ್ಕನ ಮನೆ ಕಡಲಿಗೆ ಹತ್ತಿರ. ಬೇಸಿಗೆ ಕೊನೆಗೆ ಬಾವಿ ನೀರು ಸ್ವಲ್ಪ ಉಪ್ಪಾಗುತ್ತದೆ. ಡ್ರಮ್ಮಿನ ಸ್ಟೀಲಿಗೆ ಅದರಿಂದ ಬೇಗ ಏನೂ ಆಗುವುದಿಲ್ಲ. ಹಿಂದುಗಡೆ ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಭಾಗವನ್ನು ಉಪ್ಪು ತಿನ್ನುತ್ತಾ ಬರುತ್ತದೆ. ಅಂಥ ಜಾಗದಲ್ಲಿ ಆ ಎರಡು ತಿಂಗಳು ಪಂಚಾಯತಿ ನೀರನ್ನು ಯಂತ್ರಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ನೀರಿನ ಒತ್ತಡವನ್ನೂ ನೋಡಿಕೊಳ್ಳಿ. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ, ಮೂರು ಮೀಟರ್ ಇದ್ದರೆ 0.3 ಬಾರ್. ತಮ್ಮನದ್ದು ಮೇಲಿನ ಮಹಡಿ, ಟ್ಯಾಂಕ್ ತಲೆಯ ಮೇಲೆಯೇ. ಅಲ್ಲಿ ನೀರು ತುಂಬುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು, ಕೊನೆಗೆ ಸಣ್ಣ ಪಂಪ್ ಹಾಕಿಸಬೇಕಾಯಿತು. ಯಂತ್ರಕ್ಕೆ ಕನಿಷ್ಠ ಎಷ್ಟು ಒತ್ತಡ ಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ. ಅಂಗಡಿಯಲ್ಲೇ ಅದನ್ನು ತೆರೆದು ನೋಡಿ.

ಬಿಸಿನೀರಿನ ಬಗ್ಗೆ ಒಂದು ಒಳ್ಳೆಯ ಸುದ್ದಿ. ಕರಾವಳಿಯ ನೀರು ಹೇಗೂ ಬೆಚ್ಚಗೆ ಇರುತ್ತದೆ. 30 ಡಿಗ್ರಿಗೆ ಇಟ್ಟರೆ ಹೀಟರ್ ಉರಿಯುವುದು ಸ್ವಲ್ಪವೇ ಹೊತ್ತು. 40 ಡಿಗ್ರಿಗೆ ಇಟ್ಟರೂ ಖರ್ಚು ಹೆಚ್ಚೇನಿಲ್ಲ. ದಿಂಬಿನ ಕವರಿನ ತೆಂಗಿನೆಣ್ಣೆ ಜಿಡ್ಡು ಮೂರೂ ಯಂತ್ರಗಳಲ್ಲಿ 40 ಡಿಗ್ರಿಗೆ ಚೆನ್ನಾಗಿ ಹೋಯಿತು. ಬಾಳೆಯ ಕಲೆ ಯಾವುದರಲ್ಲೂ ಹೋಗಲಿಲ್ಲ.

ಸದ್ದಿನಲ್ಲಿ ಡೈರೆಕ್ಟ್ ಡ್ರೈವ್ ಮುಂದೆ. ರಾತ್ರಿ ಹಾಕಿ ಪಕ್ಕದ ಕೋಣೆಯಲ್ಲಿ ಮಲಗಬಹುದು. ಅಕ್ಕನ ಯಂತ್ರ ಹಿಂಡುವಾಗ ದೂರದಲ್ಲಿ ಬಸ್ಸು ಏರು ಹತ್ತುವ ಹಾಗೆ ಕೇಳುತ್ತದೆ. ಆದರೆ ಬೆಲ್ಟ್ ಹೋದರೆ ಕಮ್ಮಿ ದುಡ್ಡಿಗೆ ಹೊಸದು ಹಾಕಬಹುದು, ಊರಿನ ಮೆಕ್ಯಾನಿಕ್‌ಗೂ ಆ ಕೆಲಸ ಗೊತ್ತಿರುತ್ತದೆ. ಆಕೆಯ ಮನೆಯಲ್ಲಿ ಇರುವುದು ಇಬ್ಬರೇ. ಅವರ ಬಟ್ಟೆಗೆ 6 ಕೆಜಿ ಧಾರಾಳ. ನಾಲ್ಕೈದು ಜನರ ಮನೆಗೆ 7 ಅಥವಾ 8 ಬೇಕು. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಸಿಕ್ಕಿದ್ದೆಲ್ಲ ಒಟ್ಟಿಗೆ ಒಗೆಯುವ ಅಭ್ಯಾಸ ನಮ್ಮದು, ಅಲ್ವಾ?

ಬೂಷ್ಟಿನ ವಿಷಯದಲ್ಲಿ ಮೂರಕ್ಕೂ ವ್ಯತ್ಯಾಸ ಇಲ್ಲ. ಒಗೆದ ಮೇಲೆ ರಬ್ಬರಿನ ಮಡಿಕೆ ಬಿಡಿಸಿ ಒಣ ಬಟ್ಟೆಯಲ್ಲಿ ಒರೆಸಬೇಕು, ಬಾಗಿಲನ್ನೂ ಸೋಪಿನ ಡಬ್ಬವನ್ನೂ ಸ್ವಲ್ಪ ತೆರೆದಿಡಬೇಕು. ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು 60 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ ಓಡಿಸಬೇಕು. ಸದಾ ತಣ್ಣೀರಿನಲ್ಲೇ ಒಗೆಯುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಯಂತ್ರ ಇಡುವ ಜಾಗ ಮನೆಯೊಳಗೇ ಇರಲಿ. ಹಿತ್ತಿಲ ಜಗಲಿಯಲ್ಲಿಟ್ಟರೆ ಎರಚಲು ಹೊಡೆಯುತ್ತದೆ, ಕಡಲ ಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ಕೆಳಗಿನಿಂದ ಇಲಿ ನುಗ್ಗಿ ವೈರು ಕಡಿಯುತ್ತದೆ. ಹೊಸ ಯಂತ್ರ ಕೂರಿಸುವಾಗ ಹಿಂದೆ ಇರುವ ಸಾಗಾಟದ ಬೋಲ್ಟುಗಳನ್ನು ತೆಗೆದದ್ದನ್ನು ಕಣ್ಣಾರೆ ನೋಡಿ. ಅವು ಉಳಿದರೆ ಮೊದಲ ಹಿಂಡಿಕೆಗೇ ಯಂತ್ರ ಕುಣಿಯುತ್ತದೆ. ಹೀಟರ್ ಸುಮಾರು 2000 ವ್ಯಾಟ್ ಎಳೆಯುವುದರಿಂದ 16 ಆಂಪಿಯರ್ ಪಾಯಿಂಟ್ ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು.

ಕೊನೆಯದಾಗಿ ವಾರಂಟಿ. ಮೋಟಾರಿಗೆ ಹತ್ತು ವರ್ಷ ಅಂತ ದೊಡ್ಡದಾಗಿ ಬರೆದಿರುತ್ತಾರೆ. ನಮ್ಮ ಕಡೆ ಮೋಟಾರಿಗಿಂತ ಮೊದಲು ಹೋಗುವುದು ಎಲೆಕ್ಟ್ರಾನಿಕ್ ಬೋರ್ಡು, ನೀರು ಹೊರಹಾಕುವ ಪಂಪು, ಬಾಗಿಲ ರಬ್ಬರು. ಅಕ್ಕನ ಮನೆಯಲ್ಲಿ ಸಿಡಿಲಿಗೆ ಬೋರ್ಡು ಹೋಯಿತು. ಹೊಸ ಬೋರ್ಡಿಗೆ ಯಂತ್ರದ ಬೆಲೆಯ ದೊಡ್ಡ ಪಾಲೇ ಕೇಳಿದರು, ಜನ ಬರುವುದಕ್ಕೂ ವಾರಗಟ್ಟಲೆ ಕಾಯಬೇಕಾಯಿತು. ಹಾಗಾಗಿ ಅಂಗಡಿಯವರ ಹತ್ತಿರ ಮೂರು ಬೆಲೆ ಕೇಳಿ ಬರೆದುಕೊಳ್ಳಿ, ಬೋರ್ಡಿಗೆ ಎಷ್ಟು, ಪಂಪಿಗೆ ಎಷ್ಟು, ರಬ್ಬರಿಗೆ ಎಷ್ಟು. ರಿಪೇರಿಗೆ ಬರುವವರು ಉಡುಪಿಯಲ್ಲೇ ಇದ್ದಾರಾ, ಮಂಗಳೂರಿನಿಂದ ಬರಬೇಕಾ ಅಂತಲೂ ಕೇಳಿ. ಗುಡುಗು ಬರುವ ಲಕ್ಷಣ ಕಂಡರೆ ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಎಳೆದುಬಿಡಿ, ಬಟ್ಟೆ ಒಳಗಿದ್ದರೂ ಪರವಾಗಿಲ್ಲ.