ಹ್ಯಾಂಡ್ ಗೇರ್ ಪದ್ಮಿನಿ ಇರುವವರು ಇದನ್ನು ಓದಿ, ನನ್ನ ಹಾಗೆ ಮೋಸ ಹೋಗಬೇಡಿ

ನಾಲ್ಕು ತಿಂಗಳು. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿ ನಾಲ್ಕು ತಿಂಗಳು ನನ್ನ ಪ್ರೀಮಿಯರ್ ಪದ್ಮಿನಿ ಕಾರು ಒಬ್ಬ ಮೆಕ್ಯಾನಿಕ್ಕರ ಶೆಡ್ಡಿನಲ್ಲಿ ನಿಂತಿತ್ತು. ಕೆಲಸ ಏನು? ಹ್ಯಾಂಡ್ ಗೇರ್, ಅಂದರೆ ಸ್ಟೇರಿಂಗ್ ಪಕ್ಕದ ಗೇರ್ ಲಿವರ್ ಸರಿ ಮಾಡುವುದು. ಅಷ್ಟೇ. ಇಂಜಿನ್ ಅಲ್ಲ, ಪೇಂಟ್ ಅಲ್ಲ, ಗೇರ್ ಬಾಕ್ಸ್ ಬಿಚ್ಚುವ ಕೆಲಸವೂ ಅಲ್ಲ. ಅವರ ಹೆಸರು ಹಾಕುವುದಿಲ್ಲ, ಯಾರೂ ಕೇಳಬೇಡಿ. ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ. ಯಾಕೆ ನಾಚಿಕೆ ಅಂತ ಮುಂದೆ ಗೊತ್ತಾಗುತ್ತದೆ.

ಗಾಡಿ 1978ರದ್ದು, ಅಪ್ಪನದು. 1089 ಸಿಸಿ ಇಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ತೊಂದರೆ ಇದ್ದದ್ದು ಲಿವರ್‌ನಲ್ಲಿ ಮಾತ್ರ. ಜೋತು ಬಿದ್ದಿತ್ತು. ಎರಡನೇ ಗೇರ್ ಅಂತ ಹಾಕಿದರೆ ಒಮ್ಮೊಮ್ಮೆ ನಾಲ್ಕಕ್ಕೆ ಹೋಗಿ ಕೂರುತ್ತಿತ್ತು, ಗಾಡಿ ಗಡಗಡ ಅಂತ ನಡುಗಿ ನಿಲ್ಲುತ್ತಿತ್ತು. ರಿವರ್ಸ್ ಅಂತೂ ಅದರ ಮನಸ್ಸು ಬಂದರೆ ಬೀಳುತ್ತಿತ್ತು.

ಹ್ಯಾಂಡ್ ಗೇರ್ ಓಡಿಸಿದವರಿಗೆ ಇದು ಹೊಸದಲ್ಲ. ಲಿವರ್ ಮೇಲಿದೆ, ಗೇರ್ ಬಾಕ್ಸ್ ಕೆಳಗೆ ಎಲ್ಲೋ ಇದೆ. ನಡುವೆ ಕಾಲಮ್, ಅಂದರೆ ಸ್ಟೇರಿಂಗ್ ಕಂಬದ ಪಕ್ಕ ಇಳಿಯುವ ರಾಡು, ಅದರ ಬುಡದಲ್ಲಿ ಸಣ್ಣ ಲಿವರ್‌ಗಳು, ಅಲ್ಲಿಂದ ಲಿಂಕ್ ರಾಡುಗಳು. ಒಂದು ರಾಡು ಗೇರಿನ ಸಾಲು ಆರಿಸುತ್ತದೆ, ಇನ್ನೊಂದು ರಾಡು ಗೇರನ್ನು ತಳ್ಳುತ್ತದೆ. ಪ್ರತಿ ಜಾಯಿಂಟಿನಲ್ಲೂ ಒಂದು ಪುಟ್ಟ ಬುಷ್, ಅಂದರೆ ತೂತಿಗೂ ಪಿನ್ನಿಗೂ ನಡುವೆ ಕೂರುವ ಬಳೆ. ಆ ಬುಷ್ ಸವೆದರೆ ಪಿನ್ನು ನೇರವಾಗಿ ಕಬ್ಬಿಣಕ್ಕೆ ಉಜ್ಜುತ್ತದೆ, ಗುಂಡಗಿದ್ದ ತೂತು ಮೊಟ್ಟೆ ಆಕಾರಕ್ಕೆ ತಿರುಗುತ್ತದೆ. ಕೆಳಗೆ ಒಂದೊಂದು ಜಾಯಿಂಟಿನಲ್ಲಿ 1 ಮಿಲಿಮೀಟರ್ ಆಟ (ಸಡಿಲ) ಇದ್ದರೂ ಸಾಕು, ಎಲ್ಲಾ ಸೇರಿ ಮೇಲೆ ನಿಮ್ಮ ಕೈಗೆ ಬರುವ ಹೊತ್ತಿಗೆ ಅದು ಇಂಚುಗಟ್ಟಲೆ ಆಗಿರುತ್ತದೆ, ಯಾಕೆಂದರೆ ಲಿವರ್ ಉದ್ದ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಟೋಪಿ ಹಾಕಿಸಿಕೊಂಡೆ, ಅದೇ ಹೊಟ್ಟೆಯುರಿ.

ಮೊದಲ ದಿನ ಅವರ ಮಾತು ಕೇಳಬೇಕಿತ್ತು ನೀವು. "ಸಾರ್, ಮುಂಬೈ ಟ್ಯಾಕ್ಸಿಗಳೆಲ್ಲ ಮುಗೀತಲ್ಲ, ಅವುಗಳ ಸ್ಪೇರ್ ಎಲ್ಲಾ ನಮ್ಮ ಹತ್ರಾನೇ ಬಂದಿರೋದು. ಬುಷ್ ಕಿಟ್ ಪ್ಯಾಕ್ ಪೀಸ್ ಇದೆ, ಸೀಲ್ ಕೂಡ ಒಡೆದಿಲ್ಲ." ಟ್ಯಾಕ್ಸಿ ಮುಗಿದದ್ದು ನಿಜ. 2003ರಲ್ಲಿ ರಿಜಿಸ್ಟರ್ ಆದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ, 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು, ಪೇಪರಿನಲ್ಲೆಲ್ಲ ಬಂದಿತ್ತು. ಅದನ್ನು ಓದಿ ಬೇಜಾರಾಗಿದ್ದ ನನ್ನಂಥವನಿಗೆ ಈ ಮಾತು ಸಾಕಲ್ವಾ? ಬಲೆಗೆ ಬಿದ್ದೆ. ಆದರೆ ವರ್ಷಗಟ್ಟಲೆ ಹಗಲೂ ರಾತ್ರಿ ಓಡಿದ ಟ್ಯಾಕ್ಸಿಯ ಗೇರ್ ಲಿಂಕ್ ನನ್ನದಕ್ಕಿಂತ ಚೆನ್ನಾಗಿರಲು ಹೇಗೆ ಸಾಧ್ಯ ಅಂತ ಯೋಚಿಸಲೇ ಇಲ್ಲ. ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟು, ಕೈ ಕುಲುಕಿ, ಆಟೋ ಹಿಡಿದು ಮನೆಗೆ ಬಂದೆ. ರಸೀದಿ ಕೇಳಲಿಲ್ಲ. ಹೌದು, ಕೇಳಲಿಲ್ಲ.

ಹದಿನೈದು ದಿನ ಅಂದಿದ್ದರು. ಮೂರನೇ ವಾರ ನಾನೇ ಫೋನ್ ಮಾಡಿದಾಗ ವಾಟ್ಸಾಪಿಗೆ ಒಂದು ಫೋಟೋ ಬಂತು. ಆಹಾ, ಏನು ಫೋಟೋ! ಕಾಲಮ್ ಫಳಫಳ, ಹೊಸ ಲಿವರ್, ದಂತದ ಬಣ್ಣದ ಗುಬುಟು, ಹಿಂದೆ ಮೀಟರು. ಕೆಳಗೆ "ನಿಮ್ ಗಾಡಿ ಸಾರ್, ಇನ್ನು ಫೈನಲ್ ಸೆಟ್ಟಿಂಗ್ ಬಾಕಿ" ಅಂತ ಬರೆದಿದ್ದರು. ನಾನು ಅದನ್ನು ಸ್ಟೇಟಸ್ ಹಾಕಿದೆ. ಅಣ್ಣನಿಗೆ ಕಳಿಸಿದೆ, ಆಫೀಸಿನವರಿಗೆ ತೋರಿಸಿದೆ. ಒಬ್ಬರು ಎಷ್ಟಾಯ್ತು ಅಂತ ಕೇಳಿದಾಗ ಅವರ ನಂಬರನ್ನೂ ಕೊಟ್ಟೆ. ಆ ನಂಬರ್ ಕೊಟ್ಟದ್ದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ತಿಂಗಳುಗಟ್ಟಲೆ ಅದೇ ರಾಗ. ಲೇತಿನವನು ರಜೆ. ಸ್ಪ್ರಿಂಗ್ ಬರಬೇಕು. ಹುಡುಗನಿಗೆ ಹುಷಾರಿಲ್ಲ. ಕೊನೆಗೆ ಗಾಡಿ ಕೊಟ್ಟರು. ಅವರ ಕಾಂಪೌಂಡಿನಲ್ಲೇ ಎರಡು ಸುತ್ತು ಓಡಿಸಿದೆ, ಲಿವರ್ ಗಟ್ಟಿಯಾಗಿತ್ತು, ಆಟ ಇರಲಿಲ್ಲ. ಖುಷಿಯಿಂದ ಬಾಕಿ ದುಡ್ಡು ಕೊಟ್ಟೆ. ಹಳೇ ಬುಷ್, ಪಿನ್ನು ಎಲ್ಲಿ ಅಂದರೆ "ಗುಜರಿಗೆ ಹೋಯ್ತು ಸಾರ್, ಅದನ್ನ ಇಟ್ಕೊಂಡು ಏನ್ಮಾಡ್ತೀರಾ" ಅಂದರು. ಹೌದಲ್ಲ, ಏನು ಮಾಡಲಿ ಅಂದುಕೊಂಡು ನಕ್ಕೆ.

ಮೂರೇ ದಿನ. ಒಂದು ಏರಿನಲ್ಲಿ, ಹಿಂದೆ ಬಸ್ಸು, ಒಂದನೇ ಗೇರಿಗೆ ಎಳೆದೆ. ಲಿವರ್ ಅರ್ಧಕ್ಕೆ ನಿಂತಿತು. ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ, ಎರಡು ಸಾಲಿನ ನಡುವೆ ಸಿಕ್ಕಿಕೊಂಡಿತು. ಬಸ್ಸಿನವನ ಹಾರನ್ನು, ಹೆಂಡತಿ ಮಗಳು ಒಳಗೆ, ಕೈಬ್ರೇಕ್ ಎಳೆದು ಇಳಿದು ಬಾನೆಟ್ ತೆಗೆದೆ. ಇಂಥದ್ದಕ್ಕೇ ಅಂತ ಅಪ್ಪ ಡ್ಯಾಶ್‌ಬೋರ್ಡಿನಲ್ಲಿ ಒಂದು ಉದ್ದ ಸ್ಕ್ರೂ ಡ್ರೈವರ್ ಇಡುತ್ತಿದ್ದರು. ಅದರಲ್ಲಿ ಕಾಲಮ್ ಬುಡದ ಲಿವರನ್ನು ಮೀಟಿ ನ್ಯೂಟ್ರಲ್ ಮಾಡಬೇಕು. ಮೀಟಿದೆ. ಪಟ್ ಅಂತ ಒಂದು ಚೂರು ಕಿತ್ತು ಕೈಗೆ ಬಂತು.

ಎಂ-ಸೀಲ್ ರೀ! ನಲ್ಲಿ ಸೋರಿದರೆ ಮೆತ್ತುತ್ತೇವಲ್ಲ, ಅದೇ ಎಂ-ಸೀಲ್. ಮೊಟ್ಟೆಯಾದ ತೂತಿಗೆ ಎಂ-ಸೀಲ್ ತುಂಬಿ, ಅದರೊಳಗೆ ರಬ್ಬರ್ ಪೈಪಿನ ತುಂಡು ಕತ್ತರಿಸಿ ಬುಷ್ ಅಂತ ತುರುಕಿ, ಮೇಲೆ ದಪ್ಪಗೆ ಕಪ್ಪು ಪೇಂಟ್ ಹೊಡೆದಿದ್ದರು. ಪೇಂಟ್ ಕೆರೆದರೆ ಒಳಗೆ ಹಳೇ ತುಕ್ಕು ಹಾಗೇ ಇತ್ತು. ಪಿನ್ನೂ ಹಳೆಯದೇ. ಸ್ಪ್ಲಿಟ್ ಪಿನ್ ಜಾಗದಲ್ಲಿ ಬೈಂಡಿಂಗ್ ವೈರು ಸುತ್ತಿದ್ದರು. ಕಾಂಪೌಂಡಿನಲ್ಲಿ ಲಿವರ್ ಯಾಕೆ ಅಷ್ಟು ಗಟ್ಟಿಯಾಗಿತ್ತು ಅಂತ ಈಗ ಗೊತ್ತಾಯಿತು. ಹೊಸ ರಬ್ಬರ್ ಬಿಗಿಯಾಗಿತ್ತು, ಅಷ್ಟೇ. ಮೂರು ದಿನಕ್ಕೆ ಪುಡಿಯಾಯಿತು.

ಇದಕ್ಕಿಂತ ದೊಡ್ಡ ಅವಮಾನ ರಾತ್ರಿಗೆ ಕಾದಿತ್ತು. ಸಿಟ್ಟಿನಲ್ಲಿ ಆ ಫೋಟೋ ತೆಗೆದು ನೋಡುತ್ತಾ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಮಗಳು ಹಿಂದಿನಿಂದ ಬಗ್ಗಿ ನೋಡಿ, "ಅಪ್ಪಾ, ಇದರಲ್ಲಿ ಗೇರು ಬಲಗಡೆ ಇದೆಯಲ್ಲಾ?" ಅಂದಳು.

ಬಲಗಡೆ. ನಮ್ಮ ಗಾಡಿಯಲ್ಲಿ ಲಿವರ್ ಸ್ಟೇರಿಂಗಿನ ಎಡಕ್ಕೆ ಇರುತ್ತದೆ, ಎಡಗೈಯಲ್ಲಿ ಹಾಕುತ್ತೇವೆ. ಬಲಕ್ಕೆ ಇರುವುದು ಡ್ರೈವರ್ ಎಡಗಡೆ ಕೂರುವ ಫಾರಿನ್ ಗಾಡಿಗಳಲ್ಲಿ. ಅಂದರೆ ಯಾವುದೋ ದೇಶದ ಯಾರದೋ ಕಾರಿನ ಫೋಟೋ ನೆಟ್ಟಿನಿಂದ ಇಳಿಸಿ ನನಗೆ ಕಳಿಸಿದ್ದರು, ನಾನು ಅದನ್ನು ಮೂರು ತಿಂಗಳು ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ. ಇಪ್ಪತ್ತು ವರ್ಷ ಆ ಗಾಡಿ ಓಡಿಸಿದವನು ನಾನು. ಕಣ್ಣಿಗೆ ಏನಾಗಿತ್ತೋ.

ಬೆಳಗ್ಗೆ ಫೋನ್ ಮಾಡಿದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಗೇರು ಸಿಕ್ಕಿಕೊಂಡದ್ದಕ್ಕೆ: "ನೀವು ಜೋರಾಗಿ ಎಳೀತೀರಾ ಸಾರ್, ಹಳೇ ಗಾಡೀನ ಪ್ರೀತಿಯಿಂದ ಓಡಿಸ್ಬೇಕು."

ಎಂ-ಸೀಲಿಗೆ: "ಅದು ಎಂ-ಸೀಲ್ ಅಲ್ಲ ಸಾರ್, ಕಾಂಪೌಂಡ್. ಸೆಟ್ ಆಗೋಕೆ ಒಂದು ತಿಂಗಳು ಬೇಕು."

ಸೀಲ್ ಒಡೆಯದ ಬುಷ್ ಕಿಟ್ ಏನಾಯಿತು ಅಂದದ್ದಕ್ಕೆ: "ಅದು ನಿಮ್ ಗಾಡಿಗೆ ಕೂರ್ಲಿಲ್ಲ." ಪದ್ಮಿನಿ ಕಿಟ್ ಪದ್ಮಿನಿಗೆ ಕೂರಲಿಲ್ಲವಂತೆ.

ಫೋಟೋಗೆ, ಇದನ್ನು ಕೂತು ಓದಿ: "ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದು ಸಾರ್, ಮಿರರ್ ಆಗಿದೆ. ಎಡ ಬಲ ಉಲ್ಟಾ ಬರುತ್ತೆ."

ಒಂದು ಕ್ಷಣ, ದೇವರಾಣೆ, ನಂಬಿಬಿಟ್ಟೆ. ಛೇ, ಸುಮ್ನೆ ಅನುಮಾನ ಪಟ್ಟೆನಲ್ಲ ಅಂದುಕೊಂಡೆ. ಫೋನ್ ಇಟ್ಟು ಫೋಟೋ ದೊಡ್ಡದು ಮಾಡಿ ನೋಡಿದರೆ ಮೀಟರಿನ ಅಂಕಿಗಳು ನೆಟ್ಟಗಿವೆ. 20, 40, 60. ಮಿರರ್ ಆಗಿದ್ದರೆ ಅವೂ ತಿರುಗಬೇಕಲ್ವಾ? ಮತ್ತೆ ಫೋನ್ ಮಾಡಿ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಒಂದ್ ಕೆಲಸ ಮಾಡಿ ಸಾರ್, ಈ ತಲೆನೋವೇ ಬೇಡ, ಫ್ಲೋರ್ ಗೇರ್ ಮಾಡಿಸ್ಬಿಡಿ. ನಾನೇ ಮಾಡ್ಕೊಡ್ತೀನಿ." ಅಂದರೆ ಗೇರ್ ಲಿವರ್ ಸ್ಟೇರಿಂಗ್ ಪಕ್ಕ ಬಿಟ್ಟು ನೆಲದಿಂದ ಮೇಲೆ ಬರುವ ಹಾಗೆ ಮಾಡುವುದು. ಕೊನೆಯ ವರ್ಷಗಳ ಕೆಲವು ಪದ್ಮಿನಿಗೆ ಕಂಪನಿಯವರೇ ಫ್ಲೋರ್ ಗೇರ್ ಕೊಟ್ಟಿದ್ದರು, ಅದು ಬೇರೆ ವಿಷಯ. ಅಪ್ಪನ ಗಾಡಿಯ ನೆಲಕ್ಕೆ ತೂತು ಕೊರೆಯಲು ಇವರ ಕೈಗೆ ಕೊಡಬೇಕಂತೆ! ದುಡ್ಡು ವಾಪಸ್ ಕೇಳಿದೆ, ನಂಬರ್ ಬ್ಲಾಕ್ ಮಾಡಿದರು.

ಆಮೇಲೆ ಕೆಲಸ ಮಾಡಿಕೊಟ್ಟವರು ಒಬ್ಬ ವಯಸ್ಸಾದ ಲೇತಿನವರು. ಎರಡು ದಿನ. ಸವೆದ ತೂತುಗಳಿಗೆ ವೆಲ್ಡಿಂಗ್ ತುಂಬಿ, ಮತ್ತೆ ಸರಿ ಅಳತೆಗೆ ಕೊರೆದು, ಹಿತ್ತಾಳೆ ಬುಷ್ ಕಡೆದು ಒತ್ತಿ ಕೂರಿಸಿದರು. ಹೊಸ ಪಿನ್ನು ಹಾಕಿದರು, ಬಾಕ್ಸನ್ನು ನ್ಯೂಟ್ರಲ್ಲಿಗೆ ಇಟ್ಟು ಲಿಂಕ್ ರಾಡಿನ ಉದ್ದ ಹೊಂದಿಸಿದರು. ಗೇರ್ ಬಾಕ್ಸ್ ಮೌಂಟಿನ ರಬ್ಬರ್ ಹರಿದಿತ್ತು, ಅದನ್ನೂ ತೋರಿಸಿದರು. ಲಿವರ್ ಇರುವುದು ಬಾಡಿಯ ಮೇಲೆ, ಬಾಕ್ಸ್ ಕೂತಿರುವುದು ರಬ್ಬರ್ ಮೇಲೆ, ಆ ರಬ್ಬರ್ ಹೋದರೆ ಬಾಕ್ಸ್ ಅಲ್ಲಾಡುತ್ತದೆ, ಎಷ್ಟು ಬುಷ್ ಹಾಕಿದರೂ ಗೇರು ಸರಿ ಕೂರುವುದಿಲ್ಲ. ನಾಲ್ಕು ತಿಂಗಳು ಇಟ್ಟುಕೊಂಡವರು ಇದನ್ನು ಬಗ್ಗಿ ಕೂಡ ನೋಡಿಲ್ಲ.

ನಾನು ಹೇಳುವುದು ಇಷ್ಟು. ಹಳೇ ಪಾರ್ಟ್ ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡೇ ದುಡ್ಡು ಕೊಡಿ. ಬುಷ್ ಕೂರಿಸುವಾಗ ನೀವೇ ಹೋಗಿ ನಿಂತುಕೊಳ್ಳಿ, ಪೇಂಟ್ ಹೊಡೆಯುವ ಮೊದಲು ನೋಡಿ. ಕಾಂಪೌಂಡಿನ ಎರಡು ಸುತ್ತು ಬೇಡ, ಏರಿಗೆ ಹತ್ತಿಸಿ, ರಿವರ್ಸ್ ಹತ್ತು ಸಲ ಹಾಕಿ. ಫೋಟೋ ಬೇಡ, ವಿಡಿಯೋ ಕಾಲ್ ಮಾಡಿಸಿ, ನಂಬರ್ ಪ್ಲೇಟಿನಿಂದ ಶುರುಮಾಡಿ ಲಿವರ್ ತನಕ ತೋರಿಸಲು ಹೇಳಿ.

ಇಷ್ಟು ದಿನ ಸುಮ್ಮನಿದ್ದವನು ಇವತ್ತು ಬರೆಯುತ್ತಿರುವುದಕ್ಕೆ ಕಾರಣ ಇದೆ. ನನ್ನಿಂದ ನಂಬರ್ ತೆಗೆದುಕೊಂಡಿದ್ದರಲ್ಲ, ಆಫೀಸಿನವರು, ಅವರು ತಮ್ಮ ಮಾವನ ಗಾಡಿಯನ್ನು ಅದೇ ಶೆಡ್ಡಿಗೆ ಬಿಟ್ಟಿದ್ದಾರಂತೆ. ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಖುಷಿಯಿಂದ ಫೋಟೋ ಕಳಿಸಿದರು, "ನಮ್ದೂ ಆಗ್ತಾ ಬಂತು ನೋಡಿ" ಅಂತ. ಅದೇ ಫಳಫಳ ಕಾಲಮ್, ಅದೇ ದಂತದ ಬಣ್ಣದ ಗುಬುಟು. ಈ ಸಲ ಲಿವರ್ ಎಡಗಡೆ ಇದೆ. ಮೀಟರಿನ ಅಂಕಿಗಳು ಉಲ್ಟಾ.

ಕೂಡಲೇ ಫೋನ್ ಮಾಡಿ ಎಲ್ಲಾ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದರು. ನಾಳೆ ಟೋಯಿಂಗ್ ಗಾಡಿ ಕರೆದುಕೊಂಡು ಇಬ್ಬರೂ ಹೋಗುತ್ತಿದ್ದೇವೆ.