ಕಮರಿಗೆ ಯಾವ ದೋಣಿ: ಕ್ರೀಕ್ ಬೋಟೋ, ಪ್ಯಾಕ್‌ರಾಫ್ಟೋ?

ರಸ್ತೆಯ ಸುಳಿವಿಲ್ಲದ, ಎರಡೂ ಬದಿಯ ಬಂಡೆ ನೇರವಾಗಿ ನೀರಿಗಿಳಿಯುವ ಒಂದೇ ಕಮರಿಯನ್ನು ನಾನು ಎರಡು ವರ್ಷ ಎರಡು ಬಗೆಯ ದೋಣಿಗಳಲ್ಲಿ ಇಳಿದಿದ್ದೇನೆ. ಮೊದಲ ವರ್ಷದ್ದು ಗಟ್ಟಿ ಪ್ಲಾಸ್ಟಿಕ್‌ನ ಕ್ರೀಕ್ ಬೋಟ್ (ಒಬ್ಬರೇ ಕೂತು ಹುಟ್ಟು ಹಾಕುವ ಒಂದು ಬಗೆಯ ಕಯಾಕ್), ಮರುವರ್ಷದ್ದು ಗಾಳಿ ತುಂಬುವ ಪ್ಯಾಕ್‌ರಾಫ್ಟ್. ಎರಡು ಸಲವೂ ಅದೇ ನಾಲ್ವರ ತಂಡ, ಅದೇ ಮೂರು ದಿನಗಳ ಪಯಣ, ನೀರಿನ ಮಟ್ಟವೂ ಹೆಚ್ಚುಕಡಿಮೆ ಒಂದೇ. ಆರು ದರ್ಜೆಗಳ ಅಂತರರಾಷ್ಟ್ರೀಯ ಅಳತೆಯಲ್ಲಿ (ಒಂದು ಅತಿ ಸುಲಭ, ಆರು ಅತಿ ಕಠಿಣ) ಅಲ್ಲಿನ, ನೀರು ನೊರೆಯೆದ್ದು ರಭಸದಿಂದ ಹರಿಯುವ ಜಾಗಗಳಾದ ರ್‍ಯಾಪಿಡ್‌ಗಳಲ್ಲಿ ಹೆಚ್ಚಿನವು ಮೂರು ಮತ್ತು ನಾಲ್ಕನೆಯ ದರ್ಜೆಯವು. ಎರಡು ಕಡೆ ಮಾತ್ರ ದೋಣಿಯನ್ನು ಹೊತ್ತು ಬಂಡೆಗಳ ಮೇಲೆ ಸಾಗಬೇಕು.

ಕಮರಿಯವರೆಗೆ ದೋಣಿ ಹೊತ್ತೇ ನಡೆಯಬೇಕು; ಆ ನಡಿಗೆಯ ಮಟ್ಟಿಗೆ ಹೋಲಿಕೆಯೇ ಬೇಡ. ಕ್ರೀಕ್ ಬೋಟ್ ಬರಿದಾಗಿದ್ದಾಗಲೇ 22 ಕಿಲೋ ತೂಗುತ್ತದೆ. ಆಹಾರ, ಮಲಗುವ ಚೀಲ, ಎಸೆಯುವ ಹಗ್ಗ, ಬಿಡಿಭಾಗಗಳಾಗಿ ಕಳಚುವ ಹೆಚ್ಚುವರಿ ಹುಟ್ಟು ಸೇರಿದರೆ ಹೊರೆ 35 ಕಿಲೋ ದಾಟುತ್ತದೆ. ಪ್ಯಾಕ್‌ರಾಫ್ಟ್ ಐದು ಕಿಲೋ, ಅದೂ ಮಡಚಿ ಬೆನ್ನುಚೀಲದೊಳಗೆ ಸೇರುತ್ತದೆ. ಬಂಡೆ ದಾಟುವಾಗಲೂ ಹಾಗೆಯೇ: ಮೊದಲ ವರ್ಷ ಹಗ್ಗ ಕಟ್ಟಿ ಒಂದೊಂದೇ ದೋಣಿ ಇಳಿಸಿ ಎರಡು ಗಂಟೆ ಕಳೆದ ಜಾಗವನ್ನು ಎರಡನೆಯ ವರ್ಷ ಮುಕ್ಕಾಲು ಗಂಟೆಯಲ್ಲಿ ದಾಟಿದೆವು. ಹೊತ್ತು ತಿರುಗಬಲ್ಲ ಗಾಳಿದೋಣಿಯ ಕಲ್ಪನೆ ಹಳೆಯದು. 1840ರ ದಶಕದಲ್ಲಿಯೇ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ ಮೇಲಂಗಿಯಂತೆ ತೊಡಬಹುದಾದ ದೋಣಿಯೊಂದನ್ನು ರೂಪಿಸಿದ್ದರು. ಅದು ಅನ್ವೇಷಕರು ನದಿಯನ್ನು ಅಡ್ಡಲಾಗಿ ದಾಟಲು ಮಾಡಿದ್ದು, ನದಿಯ ಜೊತೆ ಕೆಳಗಿಳಿಯಲು ಅಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಎರಡನೆಯ ದಿನ, ಕಮರಿ ಅತ್ಯಂತ ಕಿರಿದಾಗುವಲ್ಲಿ.

ಅಲ್ಲಿ ನೀರು ಅಡ್ಡಬಂಡೆಯೊಂದರ ಮೇಲಿಂದ ಧುಮುಕಿ, ಬುಡದಲ್ಲಿ ಹಿಂದಕ್ಕೆ ಹೊರಳುತ್ತದೆ. ಕಯಾಕ್ ನಡೆಸುವವರು ಇದನ್ನು ಹೋಲ್ ಎನ್ನುತ್ತೇವೆ. ಕ್ರೀಕ್ ಬೋಟಿನಲ್ಲಿ ಸೊಂಟ, ತೊಡೆ, ಅಂಗಾಲು ಮೂರೂ ದೋಣಿಗೆ ಒತ್ತಿಕೊಂಡಿರುವುದರಿಂದ ಮೈ ವಾಲಿದತ್ತ ದೋಣಿಯೂ ವಾಲುತ್ತದೆ, ಮತ್ತು ತುಂಬಿದ ಸಾಮಾನಿನ ಭಾರವೇ ಅದಕ್ಕೆ ಮುನ್ನುಗ್ಗುವ ಬಲ ಕೊಡುತ್ತದೆ. ಮೂರು ಬಲವಾದ ಹುಟ್ಟು ಹಾಕಿ, ಮೈಯನ್ನು ಮುಂದಕ್ಕೆ ಬಾಗಿಸಿದೆ. ದೋಣಿಯ ಮೂತಿ ನೊರೆಯಲ್ಲಿ ಮುಳುಗಿ ಆಚೆ ಎದ್ದಿತು. ಮರುವರ್ಷ ಅದೇ ಜಾಡಿನಲ್ಲಿ ಅಷ್ಟೇ ಹುಟ್ಟು ಹಾಕಿದರೂ, ಹಗುರವಾದ ಪ್ಯಾಕ್‌ರಾಫ್ಟ್ ಯಾರೋ ಹಿಡಿದು ನಿಲ್ಲಿಸಿದಂತೆ ನಿಂತಿತು, ಹಿಂದಕ್ಕೆ ಜಾರಿತು, ಅಡ್ಡ ತಿರುಗಿ ಮಗುಚಿತು. ತೊಡೆಪಟ್ಟಿಗಳಿದ್ದುದರಿಂದ ರೋಲ್ ಮಾಡಲು, ಅಂದರೆ ದೋಣಿಯಿಂದ ಹೊರಬರದೆಯೇ ಅದನ್ನು ಮತ್ತೆ ನೆಟ್ಟಗೆ ಮಾಡಲು, ಯತ್ನಿಸಿದೆ, ಆಗಲಿಲ್ಲ. ಹತ್ತಲು ದಡವೇ ಇಲ್ಲದ ನುಣುಪು ಗೋಡೆಗಳ ನಡುವೆ ಕೆಳಗಿನ ಮಡುವಿನವರೆಗೆ ಈಜಿದೆ. ಆ ಮೂರು ದಿನಗಳಲ್ಲಿ ಪ್ಯಾಕ್‌ರಾಫ್ಟ್ ಮೂರು ಸಲ ಮಗುಚಿತು, ರೋಲ್ ಮಾಡಿ ಎದ್ದದ್ದು ಒಮ್ಮೆ ಮಾತ್ರ. ಕ್ರೀಕ್ ಬೋಟ್ ಎರಡು ಸಲ ಮಗುಚಿತ್ತು, ಎರಡು ಸಲವೂ ಎದ್ದಿದ್ದೆ. ರಸ್ತೆಬದಿಯ ನದಿಯಲ್ಲಿ ಈಜುವುದು ಸಣ್ಣ ಮುಜುಗರ. ಕಮರಿಯೊಳಗೆ ಅದು ಬಂಡೆಯಡಿಯ ಪೊಟರೆಗೆ ಸೆಳೆದುಕೊಂಡು ಹೋಗಬಹುದಾದ ಅಪಾಯ.

ಹಾಗೆಂದು ಪ್ಯಾಕ್‌ರಾಫ್ಟ್ ನೀರಿನಲ್ಲಿ ಕೈಲಾಗದ ದೋಣಿಯಲ್ಲ. ಬಂಡೆಗಳು ಒತ್ತೊತ್ತಾಗಿರುವ, ನೀರು ಆಳವಿಲ್ಲದ ಹರವುಗಳಲ್ಲಿ ಅದು ಒಂದೇ ಹುಟ್ಟಿಗೆ ತಿರುಗುತ್ತದೆ, ತಾಗಿದರೂ ಪುಟಿದು ಜಾರುತ್ತದೆ; ಸಾಮಾನು ತುಂಬಿದ ಕ್ರೀಕ್ ಬೋಟ್ ಅಲ್ಲಿ ಮೊಂಡಾಗಿ ನಡೆದುಕೊಳ್ಳುತ್ತಿತ್ತು. ಆದರೆ ಗಾಳಿಯ ಮೇಲೆ ಸದಾ ಕಣ್ಣಿರಬೇಕು. ದಡದಲ್ಲಿ ಬಿಗಿಯಾಗಿ ತುಂಬಿದ ಕೊಳವೆ ತಣ್ಣೀರಿಗಿಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಸಡಿಲಾಗುತ್ತದೆ, ಆಗ ಮತ್ತೆ ಊದಲೇಬೇಕು. ಹಾಗೆ ಊದಿದ್ದನ್ನು ಮಧ್ಯಾಹ್ನ ಬಿಸಿಲಿನ ಬಂಡೆಯ ಮೇಲೆ ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆಗೆ ಅಪಾಯ. ಚೂಪುಕಲ್ಲಿಗೆ ನಮ್ಮಲ್ಲೊಬ್ಬರ ದೋಣಿ ಹರಿಯಿತು. ಒಣಗಿಸಿ ತೇಪೆ ಹಾಕಿ ಒಂದು ಗಂಟೆಯಲ್ಲಿ ಮುಂದುವರಿದೆವು. ಪ್ಲಾಸ್ಟಿಕ್ ಒಡಲು ಅಷ್ಟು ಸುಲಭವಾಗಿ ಸೀಳುವುದಿಲ್ಲ, ಸೀಳಿದರೆ ಅಲ್ಲಿಯೇ ಸರಿಪಡಿಸುವುದು ಬಹಳ ಕಷ್ಟ.

ಹರಿವಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ನೀರು ಏರಿದಷ್ಟೂ ನನ್ನ ಒಲವು ಕ್ರೀಕ್ ಬೋಟಿನ ಕಡೆಗೇ. ನಡಿಗೆ ಒಂದು ದಿನಕ್ಕಿಂತ ಉದ್ದವಾಗಿದ್ದು, ರ್‍ಯಾಪಿಡ್‌ಗಳು ಮೂರನೆಯ ದರ್ಜೆ ಮೀರದಿದ್ದರೆ ಮಾತ್ರ ಪ್ಯಾಕ್‌ರಾಫ್ಟ್ ಒಯ್ಯುತ್ತೇನೆ. ಇದೇ ಕಮರಿಗೆ ಮತ್ತೆ ಪ್ಯಾಕ್‌ರಾಫ್ಟ್ ತರುವವರು ತಂಡದಲ್ಲಿದ್ದರೆ, ಕನಿಷ್ಠ ಇಬ್ಬರಾದರೂ ಕ್ರೀಕ್ ಬೋಟಿನಲ್ಲಿರಬೇಕೆಂದು ಒತ್ತಾಯಿಸುತ್ತೇನೆ: ಈಜುತ್ತಿರುವವರನ್ನು ಬೆನ್ನಟ್ಟಿ ಹಿಡಿದು ಮುಂದಿನ ಎಡ್ಡಿಗೆ (ಬಂಡೆಯ ಮರೆಯಲ್ಲಿ ನೀರು ಶಾಂತವಾಗಿರುವ ಜಾಗಕ್ಕೆ) ಎಳೆಯುವಷ್ಟು ವೇಗ ಆ ದೋಣಿಗಿದೆ, ಅಂದು ನನ್ನ ಹಿಂದಿದ್ದ ಮೂರು ಪ್ಯಾಕ್‌ರಾಫ್ಟುಗಳಿಗೆ ಅದಿರಲಿಲ್ಲ.